ಪಾಪ್ಯುಲಿಸಂ ಅಮೆರಿಕದ ಅಧ್ಯಕ್ಷ ಹುದ್ದೆಯನ್ನು ಬದಲಿಸಿದ್ದು ಹೇಗೆ?

ಪ್ರಶ್ನೆ (ದಾವಣಗೆರೆ):
ಎಂ.ಎ. ರಾಜ್ಯಶಾಸ್ತ್ರದ ಸೆಮಿನಾರಿಗೆ ಕೇಳ್ತಿದ್ದೇನೆ. ಸಂವಿಧಾನದಲ್ಲಿ ಅಧ್ಯಕ್ಷರ ಅಧಿಕಾರದ ಪಟ್ಟಿ ಬಹುತೇಕ ಹಳೆಯದೇ. ಆದರೂ ಪಾಪ್ಯುಲಿಸಂನಿಂದ, ಅಂದರೆ ಗಣ್ಯರ ವಿರುದ್ಧ ಸಾಮಾನ್ಯ ಜನರ ಪರ ನಾನೇ ಎನ್ನುವ ರಾಜಕೀಯದಿಂದ, ಅವರು ಜನರ ನೇರ ಪ್ರತಿನಿಧಿ ಆದದ್ದು ಯಾವಾಗಿಂದ? ಎಲ್ಲಿಂದ ಶುರು ಮಾಡಲಿ ಸರ್?

ಉತ್ತರ 1 (ಚಿತ್ರದುರ್ಗ):
1832ರ ಜುಲೈ 10ರಿಂದ ಶುರು ಮಾಡಿ. ಸೆಕೆಂಡ್ ಬ್ಯಾಂಕಿನ (ಆಗಿನ ರಾಷ್ಟ್ರೀಯ ಬ್ಯಾಂಕ್) ಸನ್ನದು ಮುಂದುವರಿಸುವ ಮಸೂದೆಗೆ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ವೀಟೋ ಹಾಕಿದ, ಅಂದರೆ ಸಂಸತ್ತು ಒಪ್ಪಿದ್ದನ್ನು ತಡೆದ ದಿನ ಅದು. ಹಿಂದಿನ ಆರು ಅಧ್ಯಕ್ಷರು ಸೇರಿ ಹಾಕಿದ್ದು 10 ವೀಟೋ, ಇವರೊಬ್ಬರೇ 12. ಸಂಖ್ಯೆಗಿಂತ ಕಾರಣ ನೋಡಿ. ಮೊದಲಿನವರು ಹೆಚ್ಚಾಗಿ ಸಂವಿಧಾನಬಾಹಿರ ಎಂದು ತಡೆಯುತ್ತಿದ್ದರು. ಜಾಕ್ಸನ್ ಅದರ ಜೊತೆಗೆ, ಸಿರಿವಂತರು ಸರ್ಕಾರವನ್ನು ತಮ್ಮ ಲಾಭಕ್ಕೆ ಬಗ್ಗಿಸುತ್ತಾರೆ ಎಂದು ಮತದಾರರಿಗೇ ಮುಟ್ಟುವಂತೆ ಬರೆದರು, ಅದೇ ವರ್ಷ ಮತ್ತೆ ಗೆದ್ದರು. 1824ರಲ್ಲಿ 6 ರಾಜ್ಯಗಳಲ್ಲಿ ಎಲೆಕ್ಟರುಗಳನ್ನು (ಅಧ್ಯಕ್ಷರಿಗೆ ಮತ ಹಾಕುವ ಪ್ರತಿನಿಧಿಗಳು) ಜನರ ಬದಲು ಶಾಸನಸಭೆಯೇ ಆರಿಸಿತ್ತು. 1832ಕ್ಕೆ ಉಳಿದದ್ದು ಸೌತ್ ಕೆರೊಲಿನಾ ಒಂದೇ. ಈ ಅಂಶ ಬಿಡಬೇಡಿ.

ಉತ್ತರ 2 (ಹರಿಹರ):
ಜಾಕ್ಸನ್‌ಗೇ ನಿಲ್ಲಿಸಿದರೆ ಅರ್ಧ ಕೆಲಸ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಲ್ಲಿ (ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ) ಸ್ಪರ್ಧಿಸದೆ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾದರು. ಅದರ ವಿರುದ್ಧ ಎದ್ದ ಗಲಾಟೆಯಿಂದ ನಿಯಮ ಬದಲಾಗಿ, 1972ರಿಂದ ಪ್ರೈಮರಿಗಳೇ ನಿರ್ಣಾಯಕ. ಪಕ್ಷದ ಹಿರಿಯರ ಜರಡಿ ಹೋಯಿತು. ನನ್ನ ಪ್ರಕಾರ ದೊಡ್ಡ ಹೊಡೆತ ಇದೇ: ವೀಟೋ ಮುರಿಯಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು, ಮುಂದಿನ ಪ್ರೈಮರಿಗೆ ಅಂಜುವ ಸ್ವಪಕ್ಷದವರು ಅದನ್ನು ಕೊಡುವುದಿಲ್ಲ. 2019ರಲ್ಲಿ ಮೆಕ್ಸಿಕೊ ಗಡಿಗೋಡೆಗೆ ಸಂಸತ್ತಿನಿಂದ ಕೇಳಿದಷ್ಟು ಹಣ ಸಿಗದೆ ಟ್ರಂಪ್ ತುರ್ತುಸ್ಥಿತಿ ಘೋಷಿಸಿದರು. ಎರಡೂ ಸದನ ಅದನ್ನು ತಿರಸ್ಕರಿಸಿದರೂ, ಮೂರನೇ ಎರಡರಷ್ಟು ಮತ ಸಿಗದೆ ಟ್ರಂಪ್ ವೀಟೋ ಗೆದ್ದಿತು.

ಉತ್ತರ 3 (ಚಿತ್ರದುರ್ಗ):
ಹೀಗೆ ಆದೇಶದ ಮೇಲೆ ನಡೆಯುವ ಅಧಿಕಾರದ ದೌರ್ಬಲ್ಯವನ್ನೂ ಸೇರಿಸಿ. ಕಾಯ್ದೆಯಿಲ್ಲದೆ ಬರೀ ಆದೇಶದಿಂದ ಮಾಡಿದ್ದನ್ನು ಮುಂದಿನವರು ಒಂದು ಸಹಿಯಲ್ಲಿ ತೆಗೆಯಬಹುದು. ಆ ತುರ್ತುಸ್ಥಿತಿಯನ್ನು ಬೈಡನ್ 2021ರ ಜನವರಿ 20ರಂದು, ಅಧಿಕಾರ ಹಿಡಿದ ದಿನವೇ ಕೊನೆಗೊಳಿಸಿದರು.