ಹಳೆಯ ಕಂಪ್ಯೂಟರ್, ನುಡಿ ತಂತ್ರಾಂಶದಲ್ಲಿರುವ ಹಳೆಯ ಸಂಚಿಕೆಗಳು: ಲಿನಕ್ಸ್‌ಗೆ ಹೋಗಬಹುದೇ?

ಕೋರಿಕೆ: ಸಾಗರದಿಂದ, ಸಾಹಿತ್ಯ ಮಾಸಪತ್ರಿಕೆಯೊಂದರ ಸಂಪಾದಕಿ

ನಮ್ಮದು ಸಣ್ಣ ಪ್ರಸಾರದ ಮಾಸಪತ್ರಿಕೆ. ಕಚೇರಿಯಲ್ಲಿರುವುದು ಒಂದೇ ಕಂಪ್ಯೂಟರ್: ಆರನೆಯ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, ತಿರುಗುವ ಹಳೆಯ ಹಾರ್ಡ್‌ಡಿಸ್ಕ್, ವಿಂಡೋಸ್ 10. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಯಂತ್ರ ವಿಂಡೋಸ್ 11ಕ್ಕೆ ಅರ್ಹವಲ್ಲ, ಆದ್ದರಿಂದ ಹೊಸದನ್ನೇ ಕೊಳ್ಳಬೇಕು ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಅಷ್ಟು ಹಣ ಪತ್ರಿಕೆಯ ಕೈಯಲ್ಲಿಲ್ಲ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಳ್ಳಿ ಎಂದು ಕೆಲವು ಓದುಗರು ಸೂಚಿಸಿದ್ದಾರೆ. ನಮ್ಮ ಹಳೆಯ ಸಂಚಿಕೆಗಳೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ, ಅರ್ಧ ವರ್ಡ್ ಕಡತಗಳಾಗಿ, ಅರ್ಧ ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ ಕಡತಗಳಾಗಿ ಇವೆ. ಟೈಪ್ ಮಾಡುವವರು ನುಡಿಯ ಕೀಲಿಮಣೆಗೆ ಒಗ್ಗಿಹೋದವರು. ಇಂಥ ಬದಲಾವಣೆಯನ್ನು ಸ್ವತಃ ಮಾಡಿದವರು, ಅಥವಾ ಮಾಡಲು ಹೋಗಿ ಕೈಬಿಟ್ಟವರು, ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ: ಮೈಸೂರಿನಿಂದ, ಕಾಲೇಜು ಗ್ರಂಥಪಾಲಕ

ಅಂಗಡಿಯವರು ಅರ್ಹತೆಯ ವಿಷಯದಲ್ಲಿ ಹೇಳಿದ್ದು ನಿಜ. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಸಾಮಾನ್ಯ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ ಕೇಳುತ್ತದೆ. ಆದರೆ ಅದರಿಂದ ಯಂತ್ರವೇ ಕೆಲಸಕ್ಕೆ ಬಾರದಂತಾಯಿತು ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ನಮ್ಮ ಗ್ರಂಥಾಲಯದಲ್ಲಿ ನಿಮ್ಮದಕ್ಕಿಂತ ಹಳೆಯ ಯಂತ್ರಗಳು ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನಲ್ಲಿ ನಡೆಯುತ್ತಿವೆ. ಮಿಂಟ್ 4 ಜಿಬಿಯಲ್ಲೂ ಓಡುತ್ತದೆ, ಆದರೂ ಬ್ರೌಸರ್ ಮತ್ತು ವರ್ಡ್‌ನಂಥ ಕೆಲಸ ಮಾಡುವ ಲಿಬ್ರೆಆಫೀಸ್ ಒಟ್ಟಿಗೆ ತೆರೆದಿಡುವ ಕಚೇರಿಗೆ 8 ಜಿಬಿ ಮಾಡಿಸಿಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಮುಖ್ಯವಾದದ್ದು ಹಾರ್ಡ್‌ಡಿಸ್ಕ್ ತೆಗೆದು 256 ಜಿಬಿಯ, ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸುವುದು. ಯಂತ್ರ ನಿಧಾನವಾಗಿದೆ ಎಂಬ ದೂರಿನಲ್ಲಿ ಬಹುಪಾಲು ಆ ತಿರುಗುವ ತಟ್ಟೆಯದೇ ಎಂಬುದು ನನ್ನ ಅಭಿಪ್ರಾಯ.

ಮಿಂಟ್‌ನಲ್ಲಿ ಸಿನಮನ್, ಮೇಟ್, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಿವೆ. ನಿಮ್ಮಂಥ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಹಗುರ. 2024ರಲ್ಲಿ ಬಂದ 22ನೆಯ ಆವೃತ್ತಿಗೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ದೊರೆಯುತ್ತವೆ. ಹಾಕುವ ಮೊದಲು ಅದನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಡಿಸ್ಕಿಗೆ ಏನನ್ನೂ ಬರೆಯದೆ, ವೈಫೈ, ಧ್ವನಿ, ಮುಖ್ಯವಾಗಿ ಪ್ರಿಂಟರ್ ನಡೆಯುತ್ತವೆಯೇ ಎಂದು ನೋಡಿ. ಮುದ್ರಣ ಕೇಂದ್ರಗಳಲ್ಲಿ ಬಹಳವಾಗಿ ಕಾಣಸಿಗುವ ಕೆಲವು ಚಿಕ್ಕ ಲೇಸರ್ ಪ್ರಿಂಟರ್‌ಗಳು ತಮ್ಮ ಕಂಪನಿಯ ಚಾಲಕ ತಂತ್ರಾಂಶವಿಲ್ಲದೆ ಒಂದು ಹಾಳೆಯನ್ನೂ ಮುದ್ರಿಸುವುದಿಲ್ಲ. ನಮ್ಮಲ್ಲಿದ್ದ ಅಂಥದೊಂದನ್ನು ಕೊನೆಗೆ ಬೇರೆ ವಿಭಾಗಕ್ಕೆ ಕೊಟ್ಟೆವು. ಎಚ್‌ಪಿಯ ಪ್ರಿಂಟರ್‌ಗಳಿಗೆ ಎಚ್‌ಪಿಎಲ್‌ಐಪಿ ಎಂಬ ಮುಕ್ತ ಚಾಲಕವಿರುವುದರಿಂದ ಅವುಗಳ ತೊಂದರೆ ಕಡಿಮೆ.

ಉತ್ತರ: ಗದಗಿನಿಂದ, ಡಿಟಿಪಿ ಮತ್ತು ಪುಟವಿನ್ಯಾಸದ ಕೆಲಸ ಮಾಡುವವನು

ಸಂಪಾದಕರೇ, ನಿಮ್ಮ ಪ್ರಶ್ನೆ ವಿಂಡೋಸ್ ಮತ್ತು ಲಿನಕ್ಸ್‌ಗಳ ನಡುವಿನ ಆಯ್ಕೆಯಂತೆ ಕಾಣುತ್ತಿದೆ. ನಿಜವಾದ ಕೆಲಸ ಇರುವುದು ಕಡತಗಳಲ್ಲಿ. ಆ ಕೆಲಸವನ್ನು ಹೊಸ ಯಂತ್ರ ಕೊಂಡರೂ ಮಾಡಬೇಕು, ಕೊಳ್ಳದಿದ್ದರೂ ಮಾಡಬೇಕು.

ಹಳೆಯ ನುಡಿ ಕಡತದೊಳಗೆ ಕನ್ನಡವೆಂಬುದೇ ಇಲ್ಲ. ಅದರಲ್ಲಿರುವುದು ರೋಮನ್ ಅಕ್ಷರಗಳು ಮತ್ತು ಯುರೋಪಿನ ಭಾಷೆಗಳ ಚಿಹ್ನೆಗಳು. ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ತೋರಿಸುವುದು ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ನಕಾರವಿದ್ದ ಕಡೆಯೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣಿಸುತ್ತದೆ. ಅಷ್ಟೇ ಅಲ್ಲ, ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಇಡದೆ ಕಣ್ಣಿಗೆ ಕಾಣುವ ಕ್ರಮದಲ್ಲಿ ಇಟ್ಟಿರುತ್ತಾರೆ. ‘ಧರ್ಮ’ ಎಂಬ ಪದದಲ್ಲಿ ಅರ್ಕಾವೊತ್ತು ಮಕಾರದ ನಂತರ ಕುಳಿತಿರುತ್ತದೆ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಸಾಮಾನ್ಯ ಸಂಕೇತವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ರಕಾರ ಮಕಾರಕ್ಕಿಂತ ಮೊದಲು ಬರಬೇಕು. ನುಡಿ ಕಡತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಮಾಡುವ ಮುಖ್ಯ ಕೆಲಸವೇ ಈ ಸ್ಥಳಾಂತರ. ಬ್ರೌಸರ್‌ನಲ್ಲಿಯೇ ನಡೆಯುವ, ಮುಕ್ತ ಪರವಾನಗಿಯ ಪರಿವರ್ತಕಗಳು ಕನ್ನಡಕ್ಕೆ ಲಭ್ಯವಿವೆ ಮತ್ತು ಶುದ್ಧ ಕನ್ನಡ ಗದ್ಯವನ್ನು ಚೆನ್ನಾಗಿಯೇ ಮಾಡಿಕೊಡುತ್ತವೆ.

ತೊಂದರೆ ಬರುವ ಜಾಗಗಳನ್ನು ಮೊದಲೇ ತಿಳಿದಿರಬೇಕು. ಲೇಖನದ ನಡುವೆ ಇಂಗ್ಲಿಷ್ ಪದವೋ ಇಮೇಲ್ ವಿಳಾಸವೋ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡುತ್ತದೆ. ಆದ್ದರಿಂದ ಇಡೀ ಕಡತವನ್ನು ಒಮ್ಮೆಗೇ ಸುರಿಯದೆ ನುಡಿ ಫಾಂಟಿನಲ್ಲಿರುವ ಭಾಗವನ್ನು ಮಾತ್ರ ಆರಿಸಿ ಕೊಡಬೇಕು. ಲಿಬ್ರೆಆಫೀಸ್ ರೈಟರ್‌ನ ಹುಡುಕುವ ಸೌಲಭ್ಯದಲ್ಲಿ ಫಾಂಟಿನ ಹೆಸರು ಕೊಟ್ಟು ಹುಡುಕಬಹುದಾದ್ದರಿಂದ ಇದು ಸಾಧ್ಯ. ‘ರ‍್ಯಾಂಕ್’, ‘ರ‍್ಯಾಲಿ’ ಮೊದಲಾದ ಪದಗಳಲ್ಲಿ ರಕಾರ ಪೂರ್ಣವಾಗಿ ನಿಂತು ಯಕಾರ ಒತ್ತಾಗಬೇಕು. ಅದಕ್ಕೆ ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಜೋಡಕವೊಂದು ನಡುವೆ ಬೇಕಾಗುತ್ತದೆ, ಅದು ಬಿಟ್ಟುಹೋದರೆ ಯಕಾರದ ಮೇಲೆ ಅರ್ಕಾವೊತ್ತು ಬಂದು ಕೂರುತ್ತದೆ. ಕೆಲವು ಫಾಂಟ್‌ಗಳು ಅಂಕಿಗಳನ್ನು ಕನ್ನಡದಲ್ಲಿ ತೋರಿಸುತ್ತಿದ್ದವು, ಕೆಲವು ಇಂಗ್ಲಿಷಿನಲ್ಲಿ. ಒಳಗಿನ ಸಂಕೇತ ಎರಡಕ್ಕೂ ಒಂದೇ ಆಗಿರುವುದರಿಂದ ಇಸವಿಗಳನ್ನು ಯಾವ ರೂಪದಲ್ಲಿ ಉಳಿಸಿಕೊಳ್ಳಬೇಕೆಂದು ನೀವೇ ನಿರ್ಧರಿಸಬೇಕು. ನುಡಿಯಂಥದೇ ಇನ್ನೊಂದು ತಂತ್ರಾಂಶವಾದ ಶ್ರೀಲಿಪಿಯಲ್ಲಿ ಮಾಡಿದ ಸಂಚಿಕೆಗಳೂ ಬೆರೆತಿದ್ದರೆ ಅವನ್ನು ಬೇರೆ ಇಡಿ. ಅದರ ಸಂಕೇತಗಳೇ ಬೇರೆ, ನುಡಿಯ ಪರಿವರ್ತಕಕ್ಕೆ ಅವು ದಕ್ಕುವುದಿಲ್ಲ.

ಪರಿವರ್ತನೆ ಮುಗಿದ ಮೇಲೆ ಕಡತದಲ್ಲಿ ಪೌಂಡ್ ಚಿಹ್ನೆಯನ್ನು ಹುಡುಕಿ. ಎಲ್ಲಿಯಾದರೂ ಸಿಕ್ಕರೆ ಅಲ್ಲೊಂದು ತುಣುಕು, ಹೆಚ್ಚಾಗಿ ಅಡಿಟಿಪ್ಪಣಿಯೋ ಚೌಕಟ್ಟಿನೊಳಗಿನ ಬರಹವೋ, ಪರಿವರ್ತನೆಯಾಗದೆ ಉಳಿದಿದೆ ಎಂದು ಅರ್ಥ. ಮೂಲ ಕಡತಗಳನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ. ನುಡಿಯ ಹಳೆಯ ಫಾಂಟ್‌ಗಳನ್ನು ಲಿನಕ್ಸ್‌ನಲ್ಲಿ ಹಾಕಿಕೊಂಡರೆ ಹಳೆಯ ವರ್ಡ್ ಕಡತಗಳು ಅಲ್ಲಿಯೂ ಓದಲು ಸಿಗುತ್ತವೆ. ಆದ್ದರಿಂದ ಎಲ್ಲವನ್ನೂ ಒಂದೇ ತಿಂಗಳಿನಲ್ಲಿ ಮುಗಿಸಬೇಕೆಂಬ ಅವಸರವಿಲ್ಲ.

ಇಷ್ಟು ಶ್ರಮ ಏಕೆಂದು ಕೇಳಬಹುದು. ಇವತ್ತು ನಿಮ್ಮ ಸಂಚಿಕೆಗಳಲ್ಲಿ ಒಬ್ಬ ಕವಿಯ ಹೆಸರನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಅಂಧ ಓದುಗರು ಬಳಸುವ ಎನ್‌ವಿಡಿಎಯಂಥ ಮುಕ್ತ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಓದಿ ಹೇಳುತ್ತವೆ, ನುಡಿ ಕಡತವನ್ನು ಕೊಟ್ಟರೆ ಬರಿಯ ರೋಮನ್ ಅಕ್ಷರಗಳನ್ನು ಉಚ್ಚರಿಸುತ್ತವೆ.

ಉತ್ತರ: ಹುಬ್ಬಳ್ಳಿಯಿಂದ, ಮುದ್ರಣಾಲಯದ ಮಾಲೀಕ

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಹೇಳುತ್ತೇನೆ. ಮುಂದಿನ ತಿಂಗಳ ಸಂಚಿಕೆ ಮುಂದಿನ ತಿಂಗಳೇ ಹೊರಬರಬೇಕು. ಇರುವ ಒಂದೇ ಯಂತ್ರವನ್ನು ಒರೆಸಿ ಹೊಸ ವ್ಯವಸ್ಥೆ ಹಾಕಿಸಿ, ನಂತರ ಪೇಜ್‌ಮೇಕರ್ ಇಲ್ಲವೆಂದು ಕಂಡುಕೊಂಡ ಸಂಸ್ಥೆಗಳನ್ನು ನಾನು ನೋಡಿದ್ದೇನೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು, ಲಿನಕ್ಸ್‌ಗಾಗಿ ಅದು ಬರಲೇ ಇಲ್ಲ. ಹಾಗಿದ್ದರೂ ನಮ್ಮ ಕಡೆಯ ಎಷ್ಟೋ ಪುಸ್ತಕಗಳು ಇಂದಿಗೂ ಅದರಲ್ಲಿಯೇ ಸಿದ್ಧವಾಗುತ್ತಿವೆ, ಏಕೆಂದರೆ ಕೈ ಅದಕ್ಕೆ ಪಳಗಿದೆ ಮತ್ತು ಅದು ಹಗುರವಾಗಿದೆ. ಇದನ್ನು ಹಿಂದುಳಿದಿರುವಿಕೆ ಎಂದು ಬೈಯುವವರು ತಿಂಗಳ ಕೊನೆಯ ವಾರದಲ್ಲಿ ಮುದ್ರಣಾಲಯಕ್ಕೆ ಬಂದು ನೋಡಬೇಕು.

ಹಾಗಾಗಿ ನನ್ನ ಸಲಹೆ ಬೇರೆ. ವಿಂಡೋಸ್ 10ಕ್ಕೆ ಮನೆಬಳಕೆದಾರರು ನೋಂದಾಯಿಸಿಕೊಳ್ಳಬಹುದಾದ ವಿಸ್ತರಿತ ಭದ್ರತಾ ಯೋಜನೆಯೊಂದನ್ನು ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಿತ್ತು. ನಿಮ್ಮ ಯಂತ್ರಕ್ಕೆ ಅದು ಸಿಗುತ್ತದೆಯೇ ನೋಡಿ. ಎಸ್‌ಎಸ್‌ಡಿ ಹೇಗೂ ಹೊಸದಾಗಿ ಬರುವುದರಿಂದ ಲಿನಕ್ಸ್ ಅದರಲ್ಲಿರಲಿ. ಹಳೆಯ ಡಿಸ್ಕನ್ನು ವಿಂಡೋಸ್, ನುಡಿ, ಪೇಜ್‌ಮೇಕರ್ ಸಮೇತ ಹಾಗೆಯೇ ತೆಗೆದಿಡಿ. ಅಗತ್ಯ ಬಿದ್ದಾಗ ಅದನ್ನು ಜೋಡಿಸಿ, ಅಂತರಜಾಲದ ಸಂಪರ್ಕ ಕೊಡದೆ ಬಳಸಿ. ಚಂದಾದಾರರ ಲೆಕ್ಕಕ್ಕೆ ಟ್ಯಾಲಿ ಬಳಸುತ್ತಿದ್ದರೆ ಅದೂ ವಿಂಡೋಸ್‌ಗಾಗಿ ಮಾಡಿದ್ದೆಂಬುದು ನೆನಪಿರಲಿ.

ಹೊಸ ಸಂಚಿಕೆಗಳ ಪುಟವಿನ್ಯಾಸಕ್ಕೆ ಸ್ಕ್ರೈಬಸ್ ನೋಡಬಹುದು. ಮೊದಲು ಅದರಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು, ಈಗಿನ 1.6 ಆವೃತ್ತಿಯಲ್ಲಿ ಸರಿಯಾಗಿ ಕೂಡಿಕೊಳ್ಳುತ್ತವೆ, ನಾಲ್ಕು ಬಣ್ಣದ ಮುದ್ರಣಕ್ಕೆ ಬೇಕಾದ ಪಿಡಿಎಫ್ ಕೂಡ ಬರುತ್ತದೆ. ನಮಗೆ ಬೇಕಾದದ್ದು ಫಾಂಟ್ ಒಳಗೊಂಡ ಪಿಡಿಎಫ್. ಅದು ಯಾವ ತಂತ್ರಾಂಶದಿಂದ ಬಂತೆಂದು ನಾವು ಕೇಳುವುದಿಲ್ಲ. ಕಿರಿದಾದ ಅಂಕಣಗಳಲ್ಲಿ ನಮ್ಮ ಉದ್ದ ಪದಗಳು ಸಾಲಿನ ಕೊನೆಗೆ ಹೊಂದದೆ ನಡುನಡುವೆ ಬಿಳಿ ಜಾಗ ಬಿಡುವ ಕಿರಿಕಿರಿ ಮಾತ್ರ ಅಲ್ಲಿಯೂ ತಪ್ಪಿದ್ದಲ್ಲ. ಮೂರು ಅಂಕಣದ ಬದಲು ಎರಡು ಮಾಡಿಕೊಳ್ಳಿ.

ಕೋರಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಡಿಸ್ಕನ್ನು ಹಾಗೆಯೇ ತೆಗೆದಿಡುವ ಉಪಾಯ ನಮಗೆ ಹೊಳೆದಿರಲಿಲ್ಲ. ಕೀಲಿಮಣೆಯ ಬಗ್ಗೆ ಯಾರಾದರೂ ತಿಳಿಸುವಿರಾ? ಟೈಪ್ ಮಾಡುವ ನಮ್ಮ ಸಹೋದ್ಯೋಗಿ ಪರದೆಯನ್ನು ಮಾತ್ರ ನೋಡುತ್ತಾರೆ, ಕೀಲಿಗಳನ್ನು ನೋಡುವುದಿಲ್ಲ. ಅವರ ವೇಗ ಕೆಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಉತ್ತರ: ಪುಣೆಯಿಂದ, ಮರಾಠಿ–ಕನ್ನಡ ಅನುವಾದಕಿ

ಅವರ ವೇಗ ಕೆಡಬೇಕಾಗಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿ ಬಳಕೆಗೆ ಬಂದ ಆ ಕೀಲಿಮಣೆ ಲಿನಕ್ಸ್‌ನಲ್ಲಿಯೂ ಕೆಜಿಪಿ ಎಂಬ ಹೆಸರಿನಲ್ಲಿ ಇದೆ. ಐಬಸ್ ಎಂಬ ಬರವಣಿಗೆಯ ವ್ಯವಸ್ಥೆಯ ಜೊತೆಗೆ ಎಂ17ಎನ್ ಎಂಬ ಪೊಟ್ಟಣವನ್ನು ಹಾಕಿಕೊಂಡು, ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿಯನ್ನು ಆರಿಸಬೇಕು. ಎಫ್ ಕೀಲಿಯಿಂದ ಒತ್ತು ಕೊಡುವ ಅಭ್ಯಾಸ ಹಾಗೆಯೇ ನಡೆಯುತ್ತದೆ. ಅದೇ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ಮತ್ತು ರೋಮನ್ ಲಿಪ್ಯಂತರದ ವಿಧಾನಗಳೂ ಇರುವುದರಿಂದ ‘ಬರಹ’ ತಂತ್ರಾಂಶಕ್ಕೆ ಒಗ್ಗಿದ ಲೇಖಕರು ಬಂದರೆ ಅವರಿಗೂ ದಾರಿಯಿದೆ. ಒಂದೆರಡು ಅಪರೂಪದ ಚಿಹ್ನೆಗಳ ಜಾಗ ಬೇರೆ ಅನ್ನಿಸಬಹುದು. ಮೊದಲ ಕೆಲವು ದಿನ ಹೊಸ ಲೇಖನಗಳನ್ನು ಮಾತ್ರ ಅದರಲ್ಲಿ ಟೈಪ್ ಮಾಡಿಸಿ ನೋಡಿ.

ಫಾಂಟ್‌ಗಳ ವಿಷಯದಲ್ಲಿ ನನಗೆ ಪೂರ್ಣ ಸಮಾಧಾನವಿಲ್ಲ. ನವಿಲು, ಗುಬ್ಬಿ, ಲೋಹಿತ್, ನೋಟೋ ಇವೆಲ್ಲ ಉಚಿತವಾಗಿ, ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಒಳಪುಟಗಳ ಉದ್ದ ಗದ್ಯಕ್ಕೆ ನೋಟೋ ಸೆರಿಫ್ ಕನ್ನಡ ಹಿತವಾಗಿದೆ. ಆದರೆ ಶೀರ್ಷಿಕೆಗಳಿಗೆ ಹಳೆಯ ನುಡಿ ಮತ್ತು ಶ್ರೀಲಿಪಿಗಳಲ್ಲಿದ್ದಷ್ಟು ವೈವಿಧ್ಯ ಇನ್ನೂ ಕಾಣುತ್ತಿಲ್ಲ. ಪತ್ರಿಕೆಯ ಹೆಸರಿನ ಅಕ್ಷರವಿನ್ಯಾಸ ಓದುಗರಿಗೆ ಪರಿಚಿತವಾಗಿದ್ದರೆ ಅದನ್ನು ಚಿತ್ರ ರಚಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಚಿತ್ರವಾಗಿ ಉಳಿಸಿಕೊಳ್ಳುವುದು ಸುಲಭ.

ಲಿಬ್ರೆಆಫೀಸ್ ಬಗ್ಗೆ ಎರಡು ಮಾತು. ಲೇಖಕರು ಕಳಿಸುವ ವರ್ಡ್‌ನ ಡಾಕ್‌ಎಕ್ಸ್ ಕಡತಗಳು ತೆರೆಯುತ್ತವೆ. ಕೋಷ್ಟಕ ಮತ್ತು ಚಿತ್ರಗಳು ಹೆಚ್ಚಿದ್ದರೆ ಮಾತ್ರ ಪುಟ ಸ್ವಲ್ಪ ಅಲುಗಾಡುತ್ತದೆ. ಕಾಗುಣಿತ ಪರೀಕ್ಷೆಯನ್ನು ನೆಚ್ಚಬೇಡಿ: ನಮ್ಮ ಪದಗಳಿಗೆ ವಿಭಕ್ತಿ, ಸಂಧಿಗಳು ಸೇರಿದಾಗ ಆಗುವ ರೂಪಗಳನ್ನು ಪದಪಟ್ಟಿ ಹಿಡಿದಿಡಲಾರದೆ ಸರಿಯಾದ ಪದಗಳ ಕೆಳಗೂ ಕೆಂಪು ಗೆರೆ ಎಳೆಯುತ್ತದೆ. ಕರಡು ತಿದ್ದುವವರ ಕಣ್ಣೇ ಈಗಲೂ ಗತಿ.

ಉತ್ತರ: ಧಾರವಾಡದಿಂದ, ಹಳೆಯ ಪತ್ರಿಕೆಗಳ ಡಿಜಿಟಲೀಕರಣದಲ್ಲಿ ತೊಡಗಿರುವವನು

ಪೇಜ್‌ಮೇಕರ್ ಕಡತಗಳ ಬಗ್ಗೆ ಒಂದು ವಿಷಯ ಸೇರಿಸುತ್ತೇನೆ. ಲಿಬ್ರೆಆಫೀಸ್ 4.4ನೆಯ ಆವೃತ್ತಿಯಿಂದ ಈಚೆಗೆ ಅದರ ಡ್ರಾ ವಿಭಾಗ ಅವುಗಳನ್ನು ತೆರೆಯಬಲ್ಲದು. ಪುಟ ಮೊದಲಿದ್ದಂತೆ ಬರುತ್ತದೆಂದು ನಿರೀಕ್ಷಿಸಬೇಡಿ, ಬರಹವನ್ನು ಹೊರತೆಗೆದು ಪರಿವರ್ತಕಕ್ಕೆ ಕೊಡಲು ಅಷ್ಟು ಸಾಕಾಗುತ್ತದೆ. ಹಳೆಯ ಡಿಸ್ಕ್‌ನಲ್ಲಿ ಪೇಜ್‌ಮೇಕರ್ ಇನ್ನೂ ನಡೆಯುತ್ತಿದೆಯಾದ್ದರಿಂದ, ಈಗಲೇ ಪ್ರತಿ ಸಂಚಿಕೆಯ ಪಿಡಿಎಫ್ ಒಂದನ್ನು ಮಾಡಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು; ಪರಿವರ್ತನೆಯಾದ ಬರಹವನ್ನು ತಾಳೆ ನೋಡಲು ಅದು ಬೇಕಾಗುತ್ತದೆ.

ಕಡತವೇ ಕಳೆದುಹೋಗಿ ಮುದ್ರಿತ ಪ್ರತಿ ಮಾತ್ರ ಉಳಿದಿರುವ ಸಂಚಿಕೆಗಳು ಇದ್ದೇ ಇರುತ್ತವೆ. ಅವಕ್ಕೆ ಟೆಸೆರಾಕ್ಟ್ ಬಳಸಿ. ಎಚ್‌ಪಿ ಪ್ರಯೋಗಾಲಯದಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಈ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕನ್ನಡದ ದತ್ತಾಂಶವಿದೆ, 2018ರ 4ನೆಯ ಆವೃತ್ತಿಯಿಂದ ಅದರ ಫಲಿತಾಂಶ ನಂಬುವಷ್ಟಾಗಿದೆ. ಆಜ್ಞೆಗಳನ್ನು ಟೈಪ್ ಮಾಡಲು ಇಷ್ಟವಿಲ್ಲದವರಿಗೆ ಜಿಇಮೇಜ್‌ರೀಡರ್ ಎಂಬ ಕಿಟಕಿ ರೂಪವಿದೆ. ಪುಟಗಳನ್ನು 300 ಡಿಪಿಐಗಿಂತ ಕಡಿಮೆಯಲ್ಲಿ ಸ್ಕ್ಯಾನ್ ಮಾಡಿದರೆ ಒತ್ತಕ್ಷರಗಳು ಹಾಳಾಗುತ್ತವೆ. ಎರಡು ಅಂಕಣದ ಪುಟವನ್ನು ಅಂಕಣಗಳಾಗಿ ಗುರುತಿಸಿ ಕೊಡಬೇಕು, ಇಲ್ಲವಾದರೆ ಎಡದ ಸಾಲಿಗೆ ಬಲದ ಸಾಲು ಅಂಟಿಕೊಂಡು ಬರುತ್ತದೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಕುಳಿತಿರುವುದು ಅತಿ ಸಾಮಾನ್ಯವಾದ ತಪ್ಪು. ಎರಡೂ ಒಂದೇ ರೀತಿ ಕಾಣುವುದರಿಂದ ಓದುವಾಗ ಗೊತ್ತಾಗುವುದಿಲ್ಲ, ಹುಡುಕುವಾಗ ಮಾತ್ರ ಪದ ಸಿಗದೆ ಹೋಗುತ್ತದೆ. ಅಕ್ಷರಗಳ ಪಕ್ಕದಲ್ಲಿರುವ ಸೊನ್ನೆಗಳನ್ನು ಹುಡುಕಿ ಬದಲಿಸುವ ಕೆಲಸವನ್ನು ಪ್ರತಿ ಕಡತಕ್ಕೂ ಮಾಡಿ.

ಎಲ್ಲ ಸಂಚಿಕೆಗಳನ್ನು ಪೂರ್ತಿಯಾಗಿ ಮಾಡುವಷ್ಟು ಜನ ನಿಮ್ಮಲ್ಲಿ ಇಲ್ಲದಿದ್ದರೆ ಪರಿವಿಡಿಯ ಪುಟಗಳಿಂದ ಪ್ರಾರಂಭಿಸಿ. ಲೇಖಕರು, ಶೀರ್ಷಿಕೆ, ತಿಂಗಳು, ಪುಟಸಂಖ್ಯೆ ಎಂಬ ನಾಲ್ಕು ಕಲಮುಗಳ ಲಿಬ್ರೆಆಫೀಸ್ ಕ್ಯಾಲ್ಕ್ ಹಾಳೆಯೊಂದು ಸಿದ್ಧವಾದರೆ ಯಾವ ಸಂಚಿಕೆಯ ಯಾವ ಲೇಖನವನ್ನು ಮೊದಲು ಯೂನಿಕೋಡ್‌ಗೆ ತರಬೇಕೆಂದು ಅದನ್ನು ನೋಡಿಯೇ ನಿರ್ಧರಿಸಬಹುದು.