ಕಂಡೆನ್ಸರ್ ಕೊಳವೆಗೆ ಫ್ಲೋರಿನ್ ಹಾಯಿಸಿದ್ರೆ ನೀರು ಜಾರುತ್ತಾ?

ಶಕ್ತಿನಗರದ ಹುಡುಗಿ: ರಾಯಚೂರಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಓದ್ತಿದೀನಿ. ನಮ್ಮೂರ ಶಾಖೋತ್ಪನ್ನ ಕೇಂದ್ರದಂಥ ಕಡೆ, ಹಬೆಯನ್ನ ತಣಿಸಿ ನೀರು ಮಾಡೋ ಕಂಡೆನ್ಸರ್‌ನಲ್ಲಿ, ಆ ನೀರು ಕೊಳವೆ ಮೇಲೆ ಪದರವಾಗಿ ಕೂರದೆ ಹನಿಹನಿಯಾಗಿ ಉದುರಿದ್ರೆ ಶಾಖ ಹಲವು ಪಟ್ಟು ಬೇಗ ಸಾಗುತ್ತೆ. ಫ್ಲೋರಿನ್ ಇರೋ ಟೆಫ್ಲಾನ್ ಮೇಲೆ ನೀರಿನ ಸ್ಪರ್ಶಕೋನ (ಹನಿಯ ಅಂಚು ಮೇಲ್ಮೈ ಜೊತೆ ಮಾಡೋ ಕೋನ, ಹೆಚ್ಚಿದ್ದಷ್ಟೂ ನೀರು ಹರಡಲ್ಲ) ಸುಮಾರು 110 ಡಿಗ್ರಿ. ಹಂಗಾದ್ರೆ ಲೋಹಕ್ಕೆ ನೇರ ಫ್ಲೋರಿನ್ ಅನಿಲ ಕೊಟ್ರೆ ಸಾಕಲ್ವಾ?

ಕಾರ್ಬನ್ ಕಾಕಾ: ಸಾಲಲ್ಲವ್ವ. ನೀರನ್ನ ದೂಡೋದು ಕಾರ್ಬನ್–ಫ್ಲೋರಿನ್ ಬಂಧ, ಬರೀ ಫ್ಲೋರಿನ್ ಅಲ್ಲ. ನಿಕ್ಕಲ್, ಅಲ್ಯೂಮಿನಿಯಂ ಮೇಲೆ ಆ ಅನಿಲ ಹಾಯಿಸಿದ್ರೆ ಲೋಹದ ಫ್ಲೋರೈಡ್ ಪದರ ಹುಟ್ಟುತ್ತೆ. ಒಳಗಿನ ಲೋಹಾನ ಚೆನ್ನಾಗಿ ಕಾಯುತ್ತೆ, ಆದ್ರೆ ಅಯಾನಿಕ ವಸ್ತು, ನೀರನ್ನ ಕರೆದು ಕೂರಿಸುತ್ತೆ. ಲೋಹಕ್ಕೆ ಫ್ಲೋರೋಆಲ್ಕೈಲ್ ಸಿಲೇನ್ (ಒಂದು ತುದಿ ಲೋಹ ಹಿಡಿಯೋ, ಇನ್ನೊಂದರಲ್ಲಿ ಕಾರ್ಬನ್–ಫ್ಲೋರಿನ್ ಬಂಧ ಇರೋ ಅಣು) ಅಂಟಿಸೋದು ಒಂದು ದಾರಿ. ಕಾರ್ಬನ್ ಇನ್ನೂ ಮಜಾ. ಪೂರ್ತಿ ಫ್ಲೋರಿನ್ ಹಿಡಿದ ಗ್ರಾಫೈಟ್ ನೀರನ್ನ ಮುಟ್ಟಿಸ್ಕೊಳ್ಳಲ್ಲ. ಅದೇ ಕಾರ್ಬನ್ ನಾರಿಗೆ ಚೂರು ಫ್ಲೋರಿನ್ ಜೊತೆ ಆಮ್ಲಜನಕ ಬೆರೆಸಿ ಕೊಡಿ, ನೀರನ್ನ ಸೆಳೆಯೋ ಕಾರ್ಬಾಕ್ಸಿಲ್ ಗುಂಪು ಮೂಡಿ ನೀರು ಹರಡುತ್ತೆ, ನಾರುಗಳನ್ನ ಕೂಡಿಸೋ ರೆಸಿನ್ನೂ ಗಟ್ಟಿಯಾಗಿ ಹಿಡಿಯುತ್ತೆ. ಒಂದೇ ಅನಿಲ, ಎರಡು ಬುದ್ಧಿ!

ಕೃಷ್ಣಾ ದಂಡೆ: ಲೇಪ ದಪ್ಪ ಆದ್ರೆ ಅದೇ ಶಾಖ ತಡೆಯುತ್ತೆ, ತೆಳು ಆದ್ರೆ ಹಬೆಗೆ ಬಾಳಲ್ಲ. ಅಸಲಿ ತಕರಾರು ಇದೇ. ಮತ್ತೆ ಲ್ಯಾಬಲ್ಲಿ ಫ್ಲೋರಿನ್ ಸಿಲಿಂಡರ್ ಮಾತ್ರ ಕೇಳ್ಬೇಡಿ. ತೇವ ತಗುಲಿದ್ರೆ ಹೈಡ್ರೋಫ್ಲೋರಿಕ್ ಆಮ್ಲ.

ಶಕ್ತಿನಗರದ ಹುಡುಗಿ: ಸರಿ, ಸಿಲಿಂಡರ್ ಬದಲು ಗ್ರಾಫೈಟ್ ಹಾಳೆಗೆ ಕಾರ್ಬನ್ ಟೆಟ್ರಾಫ್ಲೋರೈಡ್ ಪ್ಲಾಸ್ಮಾ (ವಿದ್ಯುತ್ತಿಂದ ಅಯಾನಾಗಿ ಒಡೆದ ಅನಿಲ) ಆಗುತ್ತಾ?

ಕಾರ್ಬನ್ ಕಾಕಾ: ಧಾರಾಳವಾಗಿ. ಕೋನ ಅಳೆದು ಇಲ್ಲಿ ಹಾಕು.