ಕಾಲಿನ ಗರಣೆಗೆ ಮಾತ್ರೆ, ಹೃದಯಾಘಾತಕ್ಕೆ ಕರಗಿಸುವ ಇಂಜೆಕ್ಷನ್: ಈ ವ್ಯತ್ಯಾಸ ಏಕೆ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಎಡಗಾಲಿನ ಮೀನಖಂಡ ಊದಿಕೊಂಡು, ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದು ತಿಳಿಯಿತು. ಅಪಿಕ್ಸಾಬಾನ್ ಮಾತ್ರೆಯನ್ನು ಮೂರು ತಿಂಗಳು ತಪ್ಪದೆ ತೆಗೆದುಕೊಳ್ಳುವಂತೆ ವೈದ್ಯರು ಬರೆದುಕೊಟ್ಟಿದ್ದಾರೆ. ಆದರೆ ನಮ್ಮ ದೊಡ್ಡಪ್ಪನವರಿಗೆ ಹೃದಯಾಘಾತವಾದಾಗ ತಾಲ್ಲೂಕು ಆಸ್ಪತ್ರೆಯಲ್ಲೇ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟು ಗರಣೆಯನ್ನು ಕರಗಿಸಿದ್ದರು. ಎರಡೂ ಕಡೆ ಇರುವುದು ರಕ್ತದ ಗರಣೆಯೇ ಆಗಿರುವಾಗ, ತಾಯಿಯವರಿಗೆ ಆ ಇಂಜೆಕ್ಷನ್ ಏಕೆ ಬೇಡ? ಈ ಮಾತ್ರೆಯೂ ಗರಣೆಯನ್ನು ನಿಧಾನವಾಗಿ ಕರಗಿಸುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ವೈದ್ಯಶಿಕ್ಷಕಿ:

ತುಂಗಾತೀರ ಅವರೇ, ಆಗಲೇ ಕಟ್ಟಿಕೊಂಡಿರುವ ಗರಣೆಯನ್ನು ಆ ಮಾತ್ರೆ ಕರಗಿಸುವುದಿಲ್ಲ. ಅದು ಮತ್ತಷ್ಟು ಬೆಳೆಯದಂತೆ ತಡೆಯುತ್ತದೆ, ಅಷ್ಟೆ. ಕರಗಿಸುವ ಕೆಲಸವನ್ನು ನಿಮ್ಮ ತಾಯಿಯವರ ದೇಹವೇ ಮಾಡಿಕೊಳ್ಳಬೇಕು, ಮಾಡಿಕೊಳ್ಳುತ್ತದೆ ಕೂಡ.

ರಕ್ತನಾಳಕ್ಕೆ ಗಾಯವಾದಾಗ ಮೊದಲು ನಾಳ ಸಂಕುಚಿಸುತ್ತದೆ, ಪ್ಲೇಟ್‌ಲೆಟ್‌ಗಳು ಗಾಯದ ಬಾಯಿಗೆ ಅಂಟಿಕೊಂಡು ತಾತ್ಕಾಲಿಕ ತಡೆಯಾಗುತ್ತವೆ. ಅದನ್ನು ಗಟ್ಟಿಗೊಳಿಸುವುದು ಫೈಬ್ರಿನ್ ಎಂಬ ನಾರಿನಂಥ ಪ್ರೋಟೀನ್. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ‘ಅಂಶ’ಗಳೆಂದು ಹೆಸರಿಟ್ಟು ಸಂಖ್ಯೆ ಕೊಟ್ಟಿದ್ದಾರೆ; ಒಂದು ಅಂಶ ಇನ್ನೊಂದನ್ನು ಎಚ್ಚರಿಸುತ್ತಾ ಸಾಗುವ ಸರಣಿಯಲ್ಲಿ ಹತ್ತನೆಯ ಅಂಶವು ಥ್ರಾಂಬಿನ್ ಎಂಬ ಕಿಣ್ವ ಹುಟ್ಟಲು ಕಾರಣವಾಗುತ್ತದೆ. ರಕ್ತರಸದಲ್ಲಿ, ಅಂದರೆ ಪ್ಲಾಸ್ಮಾದಲ್ಲಿ, ಪ್ರತಿ 100 ಮಿಲಿಲೀಟರಿಗೆ 200ರಿಂದ 400 ಮಿಲಿಗ್ರಾಂನಷ್ಟು ಕರಗಿರುವ ಫೈಬ್ರಿನೋಜನ್ ಅನ್ನು ಥ್ರಾಂಬಿನ್ ಕತ್ತರಿಸಿದಾಗ ಅದು ಫೈಬ್ರಿನ್ ಎಳೆಗಳಾಗುತ್ತದೆ, ಹದಿಮೂರನೆಯ ಅಂಶ ಆ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಅಪಿಕ್ಸಾಬಾನ್ ಕೈಹಾಕುವುದು ಆ ಹತ್ತನೆಯ ಅಂಶದ ಮೇಲೆ. ಶಸ್ತ್ರಚಿಕಿತ್ಸೆಯ ನಂತರ ಕಾಲು ಆಡಿಸದೆ ರಕ್ತದ ಹರಿವು ಮಂದವಾಗಿದ್ದು, ದೇಹವೂ ಹೆಪ್ಪುಗಟ್ಟಿಸುವ ಸನ್ನಾಹದಲ್ಲಿರುವುದರಿಂದ, ಕಾಲಿನ ನಾಳಕ್ಕೆ ಗಾಯವಾಗದಿದ್ದರೂ ಇದೇ ಸರಣಿ ಅಲ್ಲಿ ಶುರುವಾಗಬಹುದು.

ಇನ್ನು ಕರಗುವ ಬಗೆ. ಫೈಬ್ರಿನ್ ಬಲೆ ಹೆಣೆದುಕೊಳ್ಳುವಾಗಲೇ ಯಕೃತ್ತಿನಲ್ಲಿ ತಯಾರಾದ ಪ್ಲಾಸ್ಮಿನೋಜನ್ ಎಂಬ ಪ್ರೋಟೀನ್ ಅದರೊಳಗೆ ಸೇರಿಕೊಂಡಿರುತ್ತದೆ. ಪಾಠ ಮಾಡುವಾಗಲೆಲ್ಲ ನನ್ನನ್ನು ಬೆರಗುಗೊಳಿಸುವ ಸಂಗತಿ ಇದು: ಕಟ್ಟುವ ಹೊತ್ತಿನಲ್ಲೇ ಬಿಚ್ಚುವ ಸಾಧನವನ್ನೂ ದೇಹ ಒಳಗಿಟ್ಟುಬಿಡುತ್ತದೆ. ನಾಳದ ಒಳಪದರದ ಜೀವಕೋಶಗಳು ಟಿಪಿಎ ಎಂಬ ಕಿಣ್ವವನ್ನು ಸ್ವಲ್ಪಸ್ವಲ್ಪವೇ ಹೊರಬಿಟ್ಟಾಗ ಆ ಪ್ಲಾಸ್ಮಿನೋಜನ್ ಪ್ಲಾಸ್ಮಿನ್ ಆಗಿ, ಫೈಬ್ರಿನ್ ಎಳೆಗಳನ್ನು ತುಂಡರಿಸುತ್ತದೆ. ರಕ್ತದಲ್ಲಿ ಬಿಡಿಯಾಗಿ ಅಲೆಯುವ ಪ್ಲಾಸ್ಮಿನ್ ಅನ್ನು ರಕ್ತದಲ್ಲೇ ಇರುವ ಆಂಟಿಪ್ಲಾಸ್ಮಿನ್ ಎಂಬ ಇನ್ನೊಂದು ಪ್ರೋಟೀನ್ ಕ್ಷಣಮಾತ್ರದಲ್ಲಿ ನಿಷ್ಕ್ರಿಯಗೊಳಿಸುವುದರಿಂದ ಈ ಕೆಲಸ ಬಹುಮಟ್ಟಿಗೆ ಗರಣೆಯ ಮೇಲಷ್ಟೇ ನಡೆಯುತ್ತದೆ. ಕಾಲಿನ ದೊಡ್ಡ ಗರಣೆಗೆ ಇದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಹೃದಯಕ್ಕೆ ಅಷ್ಟು ಸಮಯವಿಲ್ಲ. ಅಪಧಮನಿ ಪೂರ್ತಿ ಮುಚ್ಚಿಕೊಂಡ ಸುಮಾರು ಅರ್ಧ ಗಂಟೆಯೊಳಗೆ ಸ್ನಾಯು ಸಾಯಲಾರಂಭಿಸುತ್ತದೆ. ಟೆನೆಕ್ಟೆಪ್ಲೇಸ್ ಎನ್ನುವುದು ದೇಹದ ಟಿಪಿಎಯನ್ನೇ ತುಸು ಮಾರ್ಪಡಿಸಿ, ಒಂದೇ ಬಾರಿಗೆ ಚುಚ್ಚಿ ಕೊಡುವಂತೆ ರೂಪಿಸಿದ ಔಷಧ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅದನ್ನು ತಾಲ್ಲೂಕು ಆಸ್ಪತ್ರೆಗಳಿಗೇ ತಲುಪಿಸಿರುವುದು ಈ ಕಾರಣಕ್ಕೆ, ಮತ್ತು ಅದು ಅತ್ಯಂತ ಸರಿಯಾದ ಕ್ರಮ. ಆದರೆ ಇಂಥ ಔಷಧಗಳಿಗೆ ಬೇಕಾದ ಗರಣೆ ಯಾವುದು, ಬೇಡವಾದದ್ದು ಯಾವುದು ಎಂಬ ಭೇದವಿಲ್ಲ. ಹೃದಯಾಘಾತಕ್ಕೆ ಕೊಟ್ಟಾಗಲೂ ನೂರರಲ್ಲಿ ಸುಮಾರು ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಈಚೆಗಷ್ಟೇ ಮಂಡಿಯ ಶಸ್ತ್ರಚಿಕಿತ್ಸೆಯಾದವರಲ್ಲಂತೂ ಆ ಗಾಯದಿಂದಲೇ ರಕ್ತ ಸುರಿಯಬಹುದು. ಕಾಲಿನ ಗರಣೆ ಶ್ವಾಸಕೋಶಕ್ಕೆ ಹೋಗಿ ರಕ್ತದೊತ್ತಡ ಕುಸಿದಂಥ ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ ಆ ಲೆಕ್ಕಾಚಾರ ಬದಲಾಗುತ್ತದೆ. ತಾಯಿಯವರಿಗೆ ಏಕಾಏಕಿ ಉಸಿರುಕಟ್ಟಿದರೆ ಅಥವಾ ಎದೆನೋವು ಬಂದರೆ ದಯವಿಟ್ಟು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಲ್ಯಾಬ್ ಟೆಕ್ನಿಷಿಯನ್:

ಮೇಡಂ ಹೇಳಿದ ಫೈಬ್ರಿನೋಜನ್ನಿನ ಮಹತ್ವವನ್ನು ನಾವು ಕಣ್ಣಾರೆ ಕಾಣುವುದು ಹಾವು ಕಚ್ಚಿದವರು ಬಂದಾಗ. ಕೊಳಕುಮಂಡಲದ ವಿಷ ನೇರವಾಗಿ ಐದನೆಯ ಮತ್ತು ಹತ್ತನೆಯ ಅಂಶಗಳನ್ನು ಕೆರಳಿಸುತ್ತದೆ. ಮೈಯೊಳಗೆಲ್ಲ ಸರಣಿ ಒಮ್ಮೆಗೇ ಓಡಿ ಫೈಬ್ರಿನೋಜನ್ ಖರ್ಚಾಗಿ ಹೋಗುತ್ತದೆ. ಎರಡು ಮಿಲಿಲೀಟರ್ ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು ಬಾಗಿಸುತ್ತೇವೆ. ಆರೋಗ್ಯವಂತರ ರಕ್ತ ತಳದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ, ವಿಷವೇರಿದವರದು ನಳಿಕೆಯ ಗೋಡೆಗುಂಟ ಹಾಗೆಯೇ ಜಾರಿಬರುತ್ತದೆ. ಅದನ್ನು ಕಂಡೊಡನೆ ಡ್ಯೂಟಿ ಡಾಕ್ಟರಿಗೆ ತಿಳಿಸುತ್ತೇವೆ, ಪ್ರತಿವಿಷ ಕೊಡುವ ನಿರ್ಧಾರಕ್ಕೆ ಅಷ್ಟು ಸಾಕು. ನಳಿಕೆ ಗಾಜಿನದ್ದೇ ಆಗಿರಬೇಕು. ಪ್ಲಾಸ್ಟಿಕ್ಕಿನಲ್ಲಿ ಈ ಪರೀಕ್ಷೆಯನ್ನು ನಂಬುವಂತಿಲ್ಲ.

ಪ್ಲಾಸ್ಮಿನ್ ಕತ್ತರಿಸಿದ ಬೆಸುಗೆಯ ತುಣುಕುಗಳನ್ನೇ ನಾವು ಡಿ-ಡೈಮರ್ ಎಂದು ಅಳೆಯುವುದು. ಶಸ್ತ್ರಚಿಕಿತ್ಸೆ, ಸೋಂಕು, ಗರ್ಭಾವಸ್ಥೆ ಇವೆಲ್ಲದರಲ್ಲೂ ಅದು ಏರುವುದರಿಂದ, ತಾಯಿಯವರ ವರದಿಯಲ್ಲಿ ಆ ಅಂಕಿಯೊಂದನ್ನೇ ನೋಡಿ ಗಾಬರಿಯಾಗಬೇಡಿ.

ತುಂಗಾತೀರ:

ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ: ಮೂರು ತಿಂಗಳ ಬಳಿಕ ಸ್ಕ್ಯಾನ್‌ನಲ್ಲಿ ಇನ್ನೂ ಗರಣೆ ಉಳಿದಿದ್ದರೆ ಚಿಕಿತ್ಸೆ ಫಲಿಸಲಿಲ್ಲವೆಂದು ಅರ್ಥವೇ?

ವೈದ್ಯಶಿಕ್ಷಕಿ:

ಹಾಗೆಂದು ಅರ್ಥವಲ್ಲ. ಪ್ಲಾಸ್ಮಿನ್ನಿಗೆ ಸಿಗದೆ ಉಳಿದ ಭಾಗದೊಳಕ್ಕೆ ಕ್ರಮೇಣ ನಾಳದ ಗೋಡೆಯ ಜೀವಕೋಶಗಳು ನುಗ್ಗಿ, ಅದನ್ನು ನಾರಿನಂಥ ಕಲೆಯಾಗಿ ಪರಿವರ್ತಿಸುತ್ತವೆ. ಅನೇಕರಲ್ಲಿ ಆ ಕಲೆ ಉಳಿದುಕೊಳ್ಳುತ್ತದೆ, ಅದು ಹೊಸ ಗರಣೆಯಂತೆ ಕಿತ್ತು ಬರುವುದಿಲ್ಲ. ಶಸ್ತ್ರಚಿಕಿತ್ಸೆಯಂಥ ತಾತ್ಕಾಲಿಕ ಕಾರಣದಿಂದ ಆದದ್ದಾದರೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಮಾತ್ರೆ ನಿಲ್ಲಿಸುತ್ತಾರೆ. ಆದರೆ ಊತ ಇಳಿಯಿತೆಂದು ನೀವಾಗಿಯೇ ನಡುವೆ ನಿಲ್ಲಿಸಬಾರದು. ಅಪಿಕ್ಸಾಬಾನ್ ಪ್ರಭಾವ ಒಂದೆರಡು ದಿನಗಳಲ್ಲೇ ಇಳಿದುಹೋಗುತ್ತದೆ, ಉಳಿದಿರುವ ಗರಣೆಯ ಮೇಲೆ ಹೊಸ ಫೈಬ್ರಿನ್ ಕೂರಲು ಅಷ್ಟು ಸಮಯ ಸಾಕು. ಆ ಮೂರು ತಿಂಗಳ ಸ್ಕ್ಯಾನ್ ಪ್ರತಿಯನ್ನು ಮಾತ್ರ ಜೋಪಾನವಾಗಿಟ್ಟುಕೊಳ್ಳಿ. ಮುಂದೆಂದಾದರೂ ಅದೇ ಕಾಲು ಊದಿಕೊಂಡರೆ, ಕಾಣುವುದು ಹಳೆಯ ಕಲೆಯೋ ಹೊಸ ಗರಣೆಯೋ ಎಂದು ಹೋಲಿಸಿ ನೋಡಲು ವೈದ್ಯರಿಗೆ ಅದು ಬೇಕಾಗುತ್ತದೆ.